ದುಡ್ಡು ಕೊಟ್ಟು ಕಿಲುಬು ತರಿಸಿದ್ದು: ತಗಡಿನ ಸೀಲಿಂಗ್ ಟೈಲಿಗೆ ಹಳೇ ತಾಮ್ರದ ಬಣ್ಣ

ಚಿಕ್ಕಂದಿನಲ್ಲಿ ಹಬ್ಬದ ಹಿಂದಿನ ದಿನ ನನ್ನ ಪಾಲಿಗೆ ಬರುತ್ತಿದ್ದ ಕೆಲಸ ಒಂದೇ, ತಾಮ್ರದ ಪಾತ್ರೆ ಉಜ್ಜೋದು. ಹುಣಸೆಹಣ್ಣು, ಉಪ್ಪು, ಒಲೆ ಬೂದಿ. ಬಿಂದಿಗೆಯ ಕುತ್ತಿಗೆ ಹತ್ತಿರ ಒಂದು ಚುಕ್ಕೆ ಹಸಿರು ಕಿಲುಬು ಉಳಿದಿದ್ದರೂ ಅಜ್ಜಿ ಮತ್ತೆ ಬಚ್ಚಲಿಗೆ ಕಳಿಸುತ್ತಿದ್ದರು. ಅಂಥ ನಾನು ಈಗ ನ್ಯೂಜೆರ್ಸಿಯಲ್ಲಿ ಕೂತು, ಬೇಸ್‌ಮೆಂಟಿನ ಸೀಲಿಂಗಿಗೆ ಅದೇ ಕಿಲುಬು ಬರಲಿ ಅಂತ ಡಾಲರ್ ಕೊಟ್ಟು ಬಾಟಲಿ ತರಿಸಿದ್ದೇನೆ. ಅಜ್ಜಿ ಇಲ್ಲ, ಬಚಾವಾದೆ. ಆದರೆ ಅತ್ತೆ ಮೇ ತಿಂಗಳಲ್ಲಿ ಶಿವಮೊಗ್ಗದಿಂದ ಬಂದು ಇಲ್ಲೇ ಇದ್ದರು, ಅವರ ಕೈಯಿಂದ ತಪ್ಪಿಸಿಕೊಳ್ಳೋಕೆ ಆಗಲಿಲ್ಲ. ಆ ಕಥೆ ಆಮೇಲೆ.

ಮೊದಲೇ ಹೇಳಿಬಿಡ್ತೀನಿ, ನಾನು ಬರೀತಿರೋದು ಯಾವುದೋ ಒಂದು ಕಂಪನಿಯ ಬಗ್ಗೆ ಅಲ್ಲ. ತಾಮ್ರದ ಪುಡಿ ಕಲೆಸಿದ ಪೇಂಟು ಒಂದು, ಅದು ಹಸಿ ಇರುವಾಗ ಮೇಲೆ ಚಿಮುಕಿಸುವ ಹಸಿರು ದ್ರಾವಣ ಒಂದು, ಎಲ್ಲಕ್ಕಿಂತ ಕೆಳಗೆ ಹಚ್ಚುವ ಪ್ರೈಮರ್ ಒಂದು. ಇಂಥ ಮೂರು ಡಬ್ಬದ ಕಿಟ್ ಇಲ್ಲಿ ನಾಲ್ಕಾರು ಜನ ಮಾರ್ತಾರೆ, ಕೆಲಸ ಮಾಡುವ ರೀತಿ ಹೆಚ್ಚುಕಮ್ಮಿ ಒಂದೇ. ಬ್ರ್ಯಾಂಡ್ ಹೆಸರು ಬೇಕು ಅಂತ ಕಾಮೆಂಟಿನಲ್ಲಿ ಕೇಳಬೇಡಿ, ಎಡವಟ್ಟು ಮಾಡಿಕೊಂಡಿದ್ದು ಬಹುಪಾಲು ನಾನೇ. ಒಟ್ಟು 24 ಟೈಲು ತೂಗುಹಾಕಿದೆ. ಆರಕ್ಕೆ ಕಿಟ್ ಬಳಸಿದೆ, ಉಳಿದ 18ಕ್ಕೆ ಮಾಮೂಲಿ ಪೇಂಟಿನಲ್ಲಿ ಕಿಲುಬಿನ ವೇಷ ಹಾಕಿದೆ. ಎರಡನ್ನೂ ಮಾಡಿ ನೋಡಿದ್ದರಿಂದಲೇ ಇದನ್ನು ಬರೆಯೋಣ ಅನ್ನಿಸಿತು.

ನಮ್ಮ ಬೇಸ್‌ಮೆಂಟಿನಲ್ಲಿ ಒಂದು ಮೂಲೆ ಇದೆ, 8 ಅಡಿಗೆ 12 ಅಡಿ. ಒಂದು ಕಟ್ಟೆ, ಒಂದು ಸಿಂಕು, ಕಾಫಿ ಫಿಲ್ಟರು, ಎರಡು ಸ್ಟೂಲು. ಗಂಡ ಅದನ್ನು ಬಾರ್ ಅಂತಾರೆ, ನಾನು ಕಾಫಿ ಕಟ್ಟೆ ಅಂತೀನಿ. ಮೇಲೆ ಹಳೇ ಬಿಳಿ ಫೈಬರ್ ಟೈಲುಗಳಿದ್ದವು, ಆಸ್ಪತ್ರೆ ವರಾಂಡದಲ್ಲಿ ಇರ್ತಾವಲ್ಲ, ಆ ಥರ. ಒಂದು ಕಡೆ ನೀರು ಸೋರಿ ಕಂದು ಕಲೆ. ಅದನ್ನು ತೆಗೆದು ಟಿನ್ ಸೀಲಿಂಗ್ ಹಾಕೋಣ ಅಂದುಕೊಂಡೆ.

ಟಿನ್ ಸೀಲಿಂಗ್ ಅಂದರೆ ಏನು ಅಂತ ಊರಿನವರಿಗೆ ಹೇಳಬೇಕು. ಅಮೆರಿಕದ ಹಳೇ ಪೇಟೆ ಬೀದಿಗಳಲ್ಲಿ, ಪಿಜ್ಜಾ ಅಂಗಡಿಯಲ್ಲೋ ಕ್ಷೌರದ ಅಂಗಡಿಯಲ್ಲೋ ಕೂತು ಮೇಲೆ ನೋಡಿದರೆ ಹೂಬಳ್ಳಿ, ಚೌಕ, ಚಕ್ರ ಒತ್ತಿದ ತಗಡಿನ ಸೀಲಿಂಗ್ ಕಾಣುತ್ತದೆ. 1880ರ ಆಸುಪಾಸಿನಿಂದ 1930ರವರೆಗೆ ಇದು ಇಲ್ಲಿ ಜೋರಾಗಿ ನಡೆದ ಫ್ಯಾಷನ್. ಯೂರೋಪಿನ ಶ್ರೀಮಂತರ ಮನೆಯಲ್ಲಿ ಗಾರೆಯಲ್ಲಿ ಕೈಯಿಂದ ಮಾಡಿಸುತ್ತಿದ್ದ ಕೆತ್ತನೆ ಇತ್ತಲ್ಲ, ಅದನ್ನೇ ಇಲ್ಲಿನ ಸಾಮಾನ್ಯ ಅಂಗಡಿಯವನು ತಗಡಿನಲ್ಲಿ ಅಚ್ಚೊತ್ತಿಸಿ, ಬಿಳಿ ಬಣ್ಣ ಬಳಿದು, ಗಾರೆ ಅಂತ ನಂಬಿಸುತ್ತಿದ್ದ. ಬೆಂಕಿಗೂ ಬೇಗ ಬಗ್ಗೋದಿಲ್ಲ ಅನ್ನೋದು ಇನ್ನೊಂದು ಅನುಕೂಲ. ಮಿಸೌರಿ ರಾಜ್ಯದ ನೆವಾಡಾ ಅನ್ನೋ ಊರಲ್ಲಿ 1898ರಲ್ಲಿ ಶುರುವಾದ ಡಬ್ಲ್ಯು. ಎಫ್. ನಾರ್ಮನ್ ಕಂಪನಿ ಹಗ್ಗ ಎಳೆದು ಬೀಳಿಸುವ ಹಳೇ ಸುತ್ತಿಗೆಗಳಲ್ಲೇ ಇಂಥ ತಗಡು ಒತ್ತಿ ಹೆಸರು ಮಾಡಿದೆ. ನಾನು ತಂದದ್ದು ಅವರದಲ್ಲ, ಅಷ್ಟು ಬಜೆಟ್ ಇರಲಿಲ್ಲ.

ಹೆಸರು ಟಿನ್ ಅಂತಿದ್ದರೂ ಅದು ಟಿನ್ ಅಲ್ಲ. ತೆಳ್ಳಗಿನ ಉಕ್ಕಿನ ತಗಡು, ಅದರ ಮೇಲೆ ತವರದ ಲೇಪ. ಅಂದರೆ ನಮ್ಮ ಕಲಾಯಿ! ಬೀದಿಯಲ್ಲಿ ಕೂತು ತಿದಿ ಒತ್ತಿ ಹಿತ್ತಾಳೆ ಪಾತ್ರೆಯ ಒಳಗೆ ತವರ ಸವರುತ್ತಿದ್ದ ಕಲಾಯಿಯವನ ಕೆಲಸವನ್ನೇ ಇಲ್ಲಿ ಫ್ಯಾಕ್ಟರಿಯಲ್ಲಿ ಮಾಡಿ ಕಳಿಸ್ತಾರೆ. ಇದನ್ನು ಯಾಕೆ ಒತ್ತಿ ಹೇಳ್ತಿದ್ದೇನೆ ಅಂದರೆ, ನನ್ನ ಮೊದಲನೇ ನಷ್ಟ ಆಗಿದ್ದು ಈ ವಿಷಯ ಮರೆತಿದ್ದರಿಂದ.

ನಾನು ಬಣ್ಣ ಬಳಿಯದ ಟೈಲುಗಳನ್ನು ತರಿಸಿದೆ, 2 ಅಡಿ ಚೌಕದ್ದು, ಒಂದಕ್ಕೆ ಸುಮಾರು 12 ಡಾಲರ್. ಲೆಕ್ಕಕ್ಕೆ 24 ಸಾಕು, 28 ತರಿಸಿದೆ. ಆ ನಾಲ್ಕೂ ಕೆಲಸಕ್ಕೆ ಬಂದವು, ಅಯ್ಯೋ. ಡಬ್ಬ ತೆಗೆದಾಗ ಟೈಲಿನ ಮೇಲೆ ಎಣ್ಣೆ ಜಿಡ್ಡು ಇರುತ್ತದೆ, ಅಚ್ಚೊತ್ತುವಾಗ ಹಾಕಿದ್ದು. ಅದನ್ನು ಮಿನರಲ್ ಸ್ಪಿರಿಟ್ (ಪೇಂಟು ತೆಳುಮಾಡುವ ಥಿನ್ನರ್) ಹಾಕಿದ ಬಟ್ಟೆಯಲ್ಲಿ ಎರಡು ಸಲ ಒರೆಸದಿದ್ದರೆ ಯಾವ ಪ್ರೈಮರೂ ಕೂರೋದಿಲ್ಲ. ಮತ್ತೆ ಅಂಚು ಬ್ಲೇಡಿನ ಹಾಗಿದೆ. ದಪ್ಪ ಗ್ಲೌಸ್ ಹಾಕಿಕೊಳ್ಳಿ. ನಾನು ಮೊದಲ ದಿನ ಹಾಕಿಕೊಳ್ಳಲಿಲ್ಲ, ಒಂದು ವಾರ ಬೆರಳಿಗೆ ಪಟ್ಟಿ ಕಟ್ಟಿಕೊಂಡೇ ಚಪಾತಿ ಹಿಟ್ಟು ಕಲೆಸಿದೆ.

ಮಾರ್ಚ್ ತಿಂಗಳಲ್ಲಿ ಮೊದಲ ಪ್ರಯತ್ನ. ಕಿಟ್ಟಿನ ಪ್ರೈಮರಿಗೆ 32 ಡಾಲರ್ ಅಂತ ನೋಡಿ ಹೊಟ್ಟೆ ಉರಿಯಿತು. ಮನೆಯಲ್ಲಿ ಗೋಡೆಗೆ ತಂದ ಪ್ರೈಮರ್ ಅರ್ಧ ಡಬ್ಬ ಉಳಿದಿತ್ತು, ಪ್ರೈಮರ್ ಅಂದರೆ ಪ್ರೈಮರ್ ಅಲ್ವಾ ಅಂತ ಎರಡು ಟೈಲಿಗೆ ಅದನ್ನೇ ಬಳಿದೆ. ಮೇಲೆ ತಾಮ್ರದ ಪೇಂಟು ಎರಡು ಕೋಟು, ಎರಡನೇದು ಇನ್ನೂ ಅಂಟಂಟು ಇರುವಾಗ ಹಸಿರು ದ್ರಾವಣ. ರಾತ್ರಿ ನೋಡಿದರೆ ಅಲ್ಲಲ್ಲಿ ಹಸಿರು ಮೊಳೆತಿತ್ತು. ಖುಷಿಯಲ್ಲಿ ಮಲಗಿದೆ. ಮೂರನೇ ದಿನ ಉಬ್ಬಿದ ಹೂಗಳ ತುದಿಯಲ್ಲೆಲ್ಲ ಕಿತ್ತಳೆ ಬಣ್ಣದ ಚುಕ್ಕೆ. ತಾಮ್ರ ಕಿತ್ತಳೆ ಆಗೋದಿಲ್ಲವಲ್ಲ! ಬೆರಳಲ್ಲಿ ಕೆರೆದರೆ ತುಕ್ಕು. ಅಪ್ಪಟ ಕಬ್ಬಿಣದ ತುಕ್ಕು.

ಆಗಿದ್ದು ಇಷ್ಟು. ಆ ದ್ರಾವಣ ಇರೋದೇ ಲೋಹವನ್ನು ಕೊರೆಯೋಕೆ. ತಾಮ್ರದ ಪುಡಿಯನ್ನು ಕೊರೆದಾಗ ಹಸಿರು ಬರುತ್ತದೆ, ಅದೇ ನೀರು ಸಂದಿಯಲ್ಲಿ ಇಳಿದು ಕೆಳಗಿನ ಉಕ್ಕನ್ನು ಮುಟ್ಟಿದರೆ ತುಕ್ಕು ಬರುತ್ತದೆ. ಕಲಾಯಿ ಕಾಪಾಡಬೇಕಿತ್ತು, ಆದರೆ ಅಚ್ಚೊತ್ತಿದ ಕಡೆ ತಗಡು ಎಳೆದು ಲೇಪ ತೆಳುವಾಗಿರುತ್ತದೆ, ಕತ್ತರಿಸಿದ ಅಂಚಿನಲ್ಲಂತೂ ಇರೋದೇ ಇಲ್ಲ. ಆಮ್ಲವನ್ನು ಕೆಳಗೆ ಬಿಡದಿರುವ ಪ್ರೈಮರೇ ಆಗಬೇಕು ಅಂತ ಡಬ್ಬದ ಮೇಲೆ ಬರೆದಿತ್ತು. ಓದಿದ್ದೆ ಕೂಡ. ಓದಿದ್ದನ್ನು ಕೇಳೋ ಜಾತಿ ನಮ್ಮದಲ್ಲ. ಹಾಗಾಗಿ ಪ್ರೈಮರಿನಲ್ಲಿ ಕಂಜೂಸುತನ ಮಾಡಬೇಡಿ. ಎರಡು ಕೋಟು ಹಚ್ಚಿ, ಅಂಚಿಗೆ ಬ್ರಷ್ಷಿನ ತುದಿಯಿಂದ ಇನ್ನೊಂದು ಸಲ.

ಏಪ್ರಿಲಿನಲ್ಲಿ ಸರಿಯಾದ ಪ್ರೈಮರ್ ತಂದು ಎರಡನೇ ಪ್ರಯತ್ನ. ಈ ಸಲ ತುಕ್ಕು ಬರಲಿಲ್ಲ, ಹಸಿರೂ ಬರಲಿಲ್ಲ. ಎರಡು ದಿನ ಕಾದೆ, ಏನೋ ಮಸುಕು ಕಂದು ಬಂತು, ಅಷ್ಟೇ. ಮತ್ತೆ ಚಿಮುಕಿಸಿದೆ. ಮತ್ತೆ ಅದೇ. ಮೋಸ ಅಂತ ಬೈಯುತ್ತಾ ಕೂತಿದ್ದಾಗ ಹಿಂದೆ ಗುಂಯ್ ಅಂತ ಸದ್ದು ಕೇಳಿಸಿತು. ಡೀಹ್ಯೂಮಿಡಿಫೈಯರ್! ಬೇಸ್‌ಮೆಂಟಿನ ತೇವ ಹೀರೋಕೆ ಅಂತ ವರ್ಷವಿಡೀ ಓಡುವ ಯಂತ್ರ. ಒಂದು ಕಡೆ ತೇವ ಬೇಕು ಅಂತ ನಾನು ನೀರು ಚಿಮುಕಿಸುವುದು, ಇನ್ನೊಂದು ಕಡೆ ಅದು ಹೀರಿಕೊಂಡು ಬಕೆಟ್ಟಿಗೆ ತುಂಬುವುದು. ಕಿಲುಬಿಗೆ ತೇವ ಬೇಕು, ಗಾಳಿ ಬೇಕು, ಒಂದಿಷ್ಟು ಬೆಚ್ಚಗಿರಬೇಕು. ನಮ್ಮ ಮಲೆನಾಡಿನ ಬಚ್ಚಲುಮನೆಯ ಹಂಡೆಗೆ ಮಳೆಗಾಲದಲ್ಲಿ ಒಂದೇ ವಾರಕ್ಕೆ ಬರುತ್ತಿತ್ತಲ್ಲ, ಸುಮ್ನೆ ಅಲ್ಲ.

ಅಲ್ಲಿಗೆ ಕೆಲಸ ನಿಲ್ಲಿಸಿ ಜುಲೈವರೆಗೆ ಕಾದೆ. ನ್ಯೂಜೆರ್ಸಿಯ ಜುಲೈ ಗೊತ್ತಿದ್ದವರಿಗೆ ಗೊತ್ತು, ಗ್ಯಾರೇಜಿನಲ್ಲಿ ನಿಂತರೆ ಬನಿಯನ್ ಮೈಗೆ ಅಂಟುತ್ತದೆ. ಕಿಲುಬಿಗೆ ಹೇಳಿ ಮಾಡಿಸಿದ ಹವೆ.

ಅಷ್ಟರಲ್ಲಿ ಅತ್ತೆ ಬಂದಿದ್ದರು. ಗ್ಯಾರೇಜಿನಲ್ಲಿ ಹಳೇ ಬೆಡ್‌ಶೀಟು ಹಾಸಿ ಟೈಲುಗಳನ್ನು ಅಂಗಾತ ಮಲಗಿಸಿ ಪೇಂಟು ತಿರುವುತ್ತಿದ್ದೆ. ಇದನ್ನು ಚೆನ್ನಾಗಿ ತಿರುವಬೇಕು, ತಾಮ್ರದ ಪುಡಿ ತಳದಲ್ಲಿ ಗಟ್ಟಿಯಾಗಿ ಕೂತಿರುತ್ತದೆ, ರಾಗಿ ಅಂಬಲಿ ತಿರುವಿದ ಹಾಗೆ ತಳದಿಂದ ಎತ್ತೆತ್ತಿ ತಿರುವುತ್ತಲೇ ಇರಬೇಕು, ಇಲ್ಲದಿದ್ದರೆ ಮೊದಲ ಟೈಲಿಗೆ ಬರೀ ನೀರು, ಕೊನೇ ಟೈಲಿಗೆ ಎಲ್ಲ ತಾಮ್ರ. ಅತ್ತೆ ಬಾಗಿಲ ಹತ್ತಿರ ಕಾಫಿ ಲೋಟ ಹಿಡಿದು ನಿಂತು ನೋಡಿದರು.

"ಇದೇನಮ್ಮಾ, ತಾಮ್ರದ ಬಣ್ಣ ಚೆನ್ನಾಗಿ ಬಂತಲ್ಲ. ಇನ್ನೂ ಏನು ಚಿಮುಕಿಸ್ತೀಯ ಅದಕ್ಕೆ?"

"ಹಸಿರು ಬರೋಕೆ ಅತ್ತೆ. ಹಳೇದರ ಹಾಗೆ ಕಾಣಬೇಕು."

"ಕಿಲುಬಾ?"

"ಹೂಂ."

"ಕಿಲುಬು ಬರೋಕೆ ದುಡ್ಡು ಕೊಟ್ಟಿದೀಯ?"

ಎಷ್ಟು ಅಂತ ಕೇಳಲಿಲ್ಲ, ಪುಣ್ಯಕ್ಕೆ. ಪೇಂಟು ಒಂದು ಪಿಂಟಿಗೆ, ಅಂದರೆ ಹೆಚ್ಚುಕಮ್ಮಿ ಅರ್ಧ ಲೀಟರಿಗೆ, 38 ಡಾಲರ್, ದ್ರಾವಣ 19, ಪ್ರೈಮರ್ 32. ಒಟ್ಟು 89. ಅತ್ತೆಯ ತಲೆಯಲ್ಲಿ ಅದು ಕೂಡಲೇ ರೂಪಾಯಿಗೆ ತಿರುಗಿ, ಆಮೇಲೆ ಎಷ್ಟು ಹುಣಸೆಹಣ್ಣು ಬರುತ್ತೆ ಅನ್ನೋ ಲೆಕ್ಕಕ್ಕೆ ಹೋಗುತ್ತಿತ್ತು.

ಆದರೆ ಜುಲೈನಲ್ಲಿ ಕಿಟ್ ತೋರಿಸಿದ ಆಟ ಮಾತ್ರ, ನಿಜ ಹೇಳ್ತೀನಿ, ಪ್ರತಿ ಡಾಲರಿಗೂ ಸರಿಯಾಗಿತ್ತು. ಚಿಮುಕಿಸಿದ ಅರ್ಧ ಗಂಟೆಗೆ ಹೊಳೆಯುವ ತಾಮ್ರ ಮಂಕಾಗುತ್ತದೆ. ಆಮೇಲೆ ಹನಿ ನಿಂತ ಕಡೆ ಅಂಚಿನಿಂದ ಒಳಗೆ ಒಂದು ತಿಳಿ ನೀಲಿ ಗೆರೆ ಎದ್ದು ಕಾಣುತ್ತದೆ, ಹಾಲು ಒಡೆಯುವಾಗ ಅಂಚಿನಲ್ಲಿ ಕಾಣುತ್ತಲ್ಲ, ಹಾಗೆ. ಸಂಜೆ ಹೊತ್ತಿಗೆ ಆ ಗೆರೆ ಹರಡಿ ಹಸಿರು. ಬೆಳಿಗ್ಗೆ ನೋಡಿದರೆ ಸುಣ್ಣ ಸವರಿದ ಹಾಗೆ ಪುಡಿಪುಡಿ, ಎಲ್ಲೋ ನೀಲಿ, ಎಲ್ಲೋ ಪಾಚಿ ಹಸಿರು, ನಡುವೆ ಕೆಂಪು ತಾಮ್ರ ಇಣುಕುತ್ತಿದೆ. ಎರಡು ಮೂರು ದಿನ ಬಣ್ಣ ಬದಲಾಗುತ್ತಲೇ ಇತ್ತು. ನಾನು ದಿನಕ್ಕೆ ಹತ್ತು ಸಲ ಗ್ಯಾರೇಜಿಗೆ ಹೋಗಿ ಬಗ್ಗಿ ನೋಡಿ ಬರುತ್ತಿದ್ದೆ, ಮಗ ಇದಕ್ಕೆ ನಾಮಕರಣ ಮಾಡ್ತೀಯಾ ಅಂದ.

ಚಿಮುಕಿಸುವುದರಲ್ಲೇ ಎಲ್ಲ ಇದೆ. ಬಾಟಲಿ ಜೊತೆ ಬರುವ ಸ್ಪ್ರೇ ದಪ್ಪ ದಪ್ಪ ಹನಿ ಹಾರಿಸುತ್ತದೆ, ಒಣಗಿದ ಮೇಲೆ ಟೈಲಿಗೆ ಅಮ್ಮ ಎದ್ದ ಹಾಗೆ ಕಾಣುತ್ತದೆ. ಇಸ್ತ್ರಿ ಮಾಡುವಾಗ ಬಟ್ಟೆಗೆ ನೀರು ಹಾಕುವ ಮಂಜಿನಂಥ ಸ್ಪ್ರೇಗೆ ದ್ರಾವಣ ಬಗ್ಗಿಸಿಕೊಂಡೆ, ಆಗ ಸರಿಹೋಯಿತು. ಟೈಲು ಓರೆ ನಿಲ್ಲಿಸಬೇಡಿ, ಸೋರಿ ಉದ್ದ ಗೆರೆ ಬೀಳುತ್ತದೆ. ಗೋಡೆಗಾದರೆ ಅದು ಚೆಂದ, ಮಳೆ ಇಳಿದ ಹಾಗೆ ಕಾಣುತ್ತೆ. ಸೀಲಿಂಗಿನಲ್ಲಿ ಮಳೆ ಯಾವ ಕಡೆಗೆ ಇಳಿಯುತ್ತೆ? ಗ್ಯಾರೇಜಿನ ಬಾಗಿಲು ಪೂರ್ತಿ ತೆಗೆದಿಟ್ಟು, ಮಾಸ್ಕ್ ಹಾಕಿಕೊಂಡು ಮಾಡಿ. ಕೆಲವರು ಕಿಟ್ ಯಾಕೆ, ಅಮೋನಿಯಾ ಮತ್ತು ಉಪ್ಪಿನಲ್ಲೇ ಮಾಡಬಹುದು ಅಂತಾರೆ. ನಿಜವಾದ ತಾಮ್ರದ ತಗಡಿದ್ದರೆ ಮಾಡಬಹುದು, ಮುಚ್ಚಳದ ಡಬ್ಬದಲ್ಲಿ ಅಮೋನಿಯಾ ಆವಿಗೆ ಇಟ್ಟರೆ ಚೆಂದದ ನೀಲಿ ಬರುತ್ತದೆ. ಆದರೆ ಅದು ಬ್ಲೀಚಿನ ಹತ್ತಿರ ಸುಳಿಯಬಾರದು, ಎರಡೂ ಬೆರೆತರೆ ವಿಷದ ಗಾಳಿ. ಮಕ್ಕಳಿರುವ ಮನೆಯಲ್ಲಿ ನಾನಂತೂ ಆ ಸಹವಾಸಕ್ಕೆ ಹೋಗಲಿಲ್ಲ.

ಈಗ ಕಿಟ್ಟಿನ ಮೇಲೆ ನನ್ನ ದೂರು. ಒಂದು ಪಿಂಟು ಪೇಂಟಿಗೆ ಆರು ಟೈಲು ಆಯಿತು, ಅಷ್ಟೇ. ಉಬ್ಬು ತಗ್ಗು ಇರೋದರಿಂದ ಸಪಾಟಾದ ತಗಡಿಗಿಂತ ಜಾಸ್ತಿ ಕುಡಿಯುತ್ತದೆ. 24 ಟೈಲಿಗೆ ನಾಲ್ಕು ಪಿಂಟು, ಜೊತೆಗೆ ಇನ್ನೊಂದು ದ್ರಾವಣ, ಇನ್ನೊಂದು ಪ್ರೈಮರ್, 250 ಡಾಲರ್ ದಾಟುತ್ತದೆ. ತಗಡಿಗೆ ಕೊಟ್ಟಷ್ಟೇ ಹತ್ತಿರ ಹತ್ತಿರ ಕಿಲುಬಿಗೂ. ಎರಡನೇ ದೂರು, ಅದು ಹೇಳಿದ ಮಾತು ಕೇಳೋದಿಲ್ಲ. ಆರು ಟೈಲಿನಲ್ಲಿ ನಾಲ್ಕು ಅದ್ಭುತ, ಒಂದು ಸುಮಾರು, ಒಂದರ ತುಂಬ ಹಸಿರೇ ಹಸಿರು, ಪಿಸ್ತಾ ಐಸ್‌ಕ್ರೀಮ್ ಚೆಲ್ಲಿದ ಹಾಗೆ. ಅದನ್ನು ಮೂಲೆಗೆ ಹಾಕಿದೆ.

ಆ ಪಿಸ್ತಾ ಟೈಲು ನೋಡಿದಾಗಲೇ ಒಂದು ಮಾತು ತಲೆಗೆ ಬಂತು. ಬಚ್ಚಲಿನ ಹಂಡೆಯ ಹಾಗೆ ನೀರು ತಾಗದಿದ್ದರೆ ಮನೆಯೊಳಗಿನ ತಾಮ್ರ ಅಷ್ಟು ಸುಲಭಕ್ಕೆ ಹಸಿರಾಗೋದೇ ಇಲ್ಲ. ಮಳೆ ಬೀಳೋದಿಲ್ಲ, ಕಡಲ ಗಾಳಿ ಬರೋದಿಲ್ಲ, ಸುಮ್ನೆ ಕಂದಾಗಿ, ಆಮೇಲೆ ಕಪ್ಪು ಕಂದಾಗಿ ಕೂತಿರುತ್ತದೆ. ಹಸಿರು ಬರೋದು ಒದ್ದೆಯಾಗುವ ತಾಮ್ರಕ್ಕೆ, ಇಲ್ಲ ಆಕಾಶ ನೋಡುವ ತಾಮ್ರಕ್ಕೆ. ಇದಕ್ಕೆ ದೊಡ್ಡ ಸಾಕ್ಷಿ ನಮ್ಮ ಊರಿನಿಂದ ಮುಕ್ಕಾಲು ಗಂಟೆ ದೂರದಲ್ಲೇ ನಿಂತಿದೆ, ಲಿಬರ್ಟಿ ಪ್ರತಿಮೆ. ಅತ್ತೆಯನ್ನು ಜರ್ಸಿ ಸಿಟಿಯಿಂದ ದೋಣಿಯಲ್ಲಿ ಕರೆದುಕೊಂಡು ಹೋಗಿದ್ದೆವು. 1886ರಲ್ಲಿ ನಿಲ್ಲಿಸಿದಾಗ ಅದು ತಾಮ್ರದ ಬಣ್ಣಕ್ಕೇ ಇತ್ತು, ಆಮೇಲೆ ಕಂದಾಯಿತು, 1920ರ ಹೊತ್ತಿಗೆ ಪೂರ್ತಿ ಹಸಿರು. ನಡುವೆ 1906ರಲ್ಲಿ ಬಣ್ಣ ಬಳಿಯೋಣ ಅಂತ ಮಾತು ಬಂದಾಗ ಜನ ಬೇಡ ಅಂತ ಗಲಾಟೆ ಮಾಡಿದರು. ತಾಮ್ರದ ದಪ್ಪ 2.4 ಮಿಲಿಮೀಟರ್ ಅಷ್ಟೇ, ಆ ಹಸಿರು ಪದರವೇ ಒಳಗಿನ ಲೋಹಕ್ಕೆ ಕಾವಲು. ಇದನ್ನೆಲ್ಲ ಅತ್ತೆಗೆ ವಿವರಿಸಿದೆ. ಅವರು ತಲೆಯೆತ್ತಿ ತುಂಬಾ ಹೊತ್ತು ನೋಡಿ, "ಇಷ್ಟು ದೊಡ್ಡ ದೇಶದಲ್ಲಿ ಉಜ್ಜೋಕೆ ಒಬ್ಬರೂ ಸಿಗಲಿಲ್ವಾ?" ಅಂದರು.

ಹಾಗಾಗಿ ಸೀಲಿಂಗಿನಲ್ಲಿ ಹಸಿರು ಕಮ್ಮಿ, ಕಂದು ಜಾಸ್ತಿ ಇದ್ದರೆ ಕಣ್ಣು ನಂಬುತ್ತದೆ. ವಿಡಿಯೋಗಳಲ್ಲಿ ತೋರಿಸುವ ಹಾಗೆ ಟೈಲು ತುಂಬ ಪುದೀನ ಚಟ್ನಿ ಬಳಿದರೆ ನಾಟಕದ ಪರದೆ ಆಗುತ್ತದೆ. ಉಳಿದ 18 ಟೈಲು ಮಾಡುವಾಗ ಇದನ್ನೇ ಹಿಡಿದುಕೊಂಡೆ.

ಇವಕ್ಕೆ ಬಳಸಿದ್ದು ಎಣ್ಣೆಯ ಪ್ರೈಮರ್ ಒಂದು ಡಬ್ಬ. ದ್ರಾವಣ ಇಲ್ಲದ ಕಾರಣ ದುಬಾರಿ ಪ್ರೈಮರ್ ಬೇಕಿಲ್ಲ. ಆದರೆ ನೀರಿನ ಪ್ರೈಮರನ್ನು ಬರೀ ತಗಡಿಗೆ ನೇರ ಹಚ್ಚಿದರೆ ಒಣಗುವ ಮೊದಲೇ ತುಕ್ಕು ಚುಕ್ಕೆ ಏಳಬಹುದು, ಅದಕ್ಕೆ ಎಣ್ಣೆಯದು. ಅದರ ಮೇಲೆ ಗಾಢ ಕಂದು ಒಂದು ಕೋಟು, ಕಾಫಿ ಡಿಕಾಕ್ಷನ್ ಬಣ್ಣ. ಒಣಗಿದ ಮೇಲೆ ತಾಮ್ರದ ಬಣ್ಣದ ಮೆಟಾಲಿಕ್ ಪೇಂಟು, ಆದರೆ ತುಂಬ ಬಳಿಯಬಾರದು, ಬ್ರಷ್ಷನ್ನು ಪೇಪರಿನ ಮೇಲೆ ಒರೆಸಿ ಒರೆಸಿ, ಹೆಚ್ಚುಕಮ್ಮಿ ಒಣಗಿದ ಬ್ರಷ್ಷಲ್ಲಿ ಉಬ್ಬಿನ ಮೇಲೆ ಮಾತ್ರ ಆಡಿಸಬೇಕು. ತಗ್ಗಿನಲ್ಲಿ ಕಂದು ಹಾಗೇ ಉಳಿಯಬೇಕು. ಇಷ್ಟಕ್ಕೇ ನಿಲ್ಲಿಸಿದರೂ ಹಳೇ ತಾಮ್ರದ ಹಾಗೇ ಕಾಣುತ್ತದೆ, ನನ್ನ ಗಂಡ ಇಲ್ಲಿಗೇ ಸಾಕು ಅಂತ ಎರಡು ಸಲ ಹೇಳಿದರು.

ಆಮೇಲೆ ಹಸಿರು. ಕ್ರಾಫ್ಟ್ ಅಂಗಡಿಯ ಎರಡು ಡಾಲರಿನ ಪುಟ್ಟ ಬಾಟಲಿ ನಾಲ್ಕು: ಒಂದು ನೀಲಿ ಬೆರೆತ ಹಸಿರು, ಒಂದು ಬೂದಿ ಹಸಿರು, ಒಂದು ತಿಳಿ ಪುದೀನ, ಒಂದು ಬಿಳಿ. ಯಾವುದನ್ನೂ ಬಾಟಲಿಯಿಂದ ನೇರವಾಗಿ ಹಚ್ಚಲಿಲ್ಲ. ನೀಲಿಹಸಿರಿಗೆ ಮೂರು ಪಾಲು ನೀರು ಹಾಕಿ ಮಜ್ಜಿಗೆ ಹದಕ್ಕೆ ತಂದು, ತಗ್ಗುಗಳಿಗೆ ಹರಿಯಬಿಟ್ಟು, ಉಬ್ಬಿನ ಮೇಲಿದ್ದದ್ದನ್ನು ಒದ್ದೆ ಬಟ್ಟೆಯಲ್ಲಿ ಕೂಡಲೇ ಒರೆಸಿದೆ. ಅದು ಒಣಗಿದ ಮೇಲೆ ಬೂದಿ ಹಸಿರನ್ನು ಸ್ಪಂಜಿನಲ್ಲಿ ಒತ್ತಿದೆ. ಇಲ್ಲಿ ಸಿಕ್ಕಿಬಿದ್ದೆ. ಪಾತ್ರೆ ತೊಳೆಯುವ ಸ್ಪಂಜು ಎಲ್ಲ ಕಡೆ ಒಂದೇ ಥರದ ತೂತಿನ ಗುರುತು ಬಿಡುತ್ತದೆ, ನಾಲ್ಕು ಸಲ ಒತ್ತಿದರೆ ಸಾಕು, ಮುದ್ರೆ ಹಾಕಿದ್ದು ಅಂತ ಗೊತ್ತಾಗುತ್ತದೆ. ಕಡಲ ಸ್ಪಂಜು ತನ್ನಿ ಅಂತಾರೆ, ಅದು ಒಂದಕ್ಕೇ ಎಂಟು ಡಾಲರ್. ಅಡುಗೆಮನೆಯಲ್ಲಿ ಪೂಜೆಗೆ ತಂದಿದ್ದ ತೆಂಗಿನಕಾಯಿ ಇತ್ತು, ಜುಟ್ಟು ಸಮೇತ. ಜುಟ್ಟು ಕಿತ್ತು, ನಾರನ್ನು ಸ್ವಲ್ಪ ಬಿಡಿಸಿ, ರಬ್ಬರ್ ಬ್ಯಾಂಡ್ ಸುತ್ತಿ, ಬಣ್ಣದಲ್ಲಿ ಅದ್ದಿ ಒತ್ತಿ ನೋಡಿದೆ. ಆಹಾ! ಒಂದು ಗುರುತು ಇನ್ನೊಂದರ ಹಾಗಿಲ್ಲ. ನಾರಿನ ತುದಿ ಕೆಲವು ಕಡೆ ಚುಕ್ಕೆ, ಕೆಲವು ಕಡೆ ಗೀರು. ಪ್ರತಿ ಸಲ ಒತ್ತುವಾಗ ಕೈಯನ್ನು ಚೂರು ತಿರುಗಿಸುತ್ತಾ ಹೋದರೆ ನಿಜವಾದ ಕಿಲುಬೇ. ಮೂರು ತೆಂಗಿನಕಾಯಿಯ ಜುಟ್ಟಿನಲ್ಲಿ 18 ಟೈಲು ಮುಗಿಯಿತು. ಆ ವಾರ ಮನೆಯಲ್ಲಿ ದಿನಾ ಕಾಯಿ ಚಟ್ನಿ.

ಕೊನೆಗೆ ಬಿಳಿಗೆ ಒಂದು ತೊಟ್ಟು ಪುದೀನ ಹಸಿರು ಸೇರಿಸಿ, ತಗ್ಗಿನ ನಡುವೆ ಅಲ್ಲೊಂದು ಇಲ್ಲೊಂದು ಚುಕ್ಕೆ. ಈ ಸುಣ್ಣದ ಚುಕ್ಕೆಯೇ ಮೋಸದ ಗುಟ್ಟು, ಅದಿಲ್ಲದಿದ್ದರೆ ಬರೀ ಬಣ್ಣ ಬಳಿದ ಹಾಗಿರುತ್ತದೆ. ಜಾಸ್ತಿ ಹಾಕಿದರೆ ಹಲ್ಲಿ ಹಿಕ್ಕೆ ಅನ್ನಿಸುತ್ತದೆ, ಹುಷಾರು. ಇಷ್ಟಕ್ಕೂ ಖರ್ಚು 80 ಡಾಲರಿನ ಒಳಗೆ. 18 ಟೈಲಿಗೆ 80, ಆರು ಟೈಲಿಗೆ 89. ಲೆಕ್ಕ ನಿಮಗೇ ಬಿಟ್ಟಿದ್ದು. ಆದರೆ ಸಮಯ ನೋಡಿದರೆ ಉಲ್ಟಾ: ಕಿಟ್ಟಿನ ಟೈಲಿನಲ್ಲಿ ಕೆಲಸ ಕಿಲುಬೇ ಮಾಡಿಕೊಳ್ಳುತ್ತದೆ, ಇಲ್ಲಿ ಒಂದೊಂದಕ್ಕೆ ಮುಕ್ಕಾಲು ಗಂಟೆ ನಾನು ಬಗ್ಗಿ ಕೂತಿದ್ದೆ, ಸೊಂಟ ಇನ್ನೂ ಹೇಳುತ್ತಿದೆ.

ಎರಡೂ ಥರದ ಟೈಲು ಪಕ್ಕ ಪಕ್ಕ ಒಣಗಲು ಇಟ್ಟಿದ್ದಾಗ ಅತ್ತೆಯನ್ನು ಕರೆದು, ಇದರಲ್ಲಿ ಯಾವುದು ಅಸಲಿ ಹೇಳಿ ಅಂದೆ. ಗೊತ್ತಾಗೋದಿಲ್ಲ ಅಂತ ನನಗೆ ಜಂಬ. ಅವರು ಒಂದು ನಿಮಿಷ ನೋಡಿದರು, ಏನೂ ಹೇಳದೆ ಒಳಗೆ ಹೋದರು. ಬರುವಾಗ ಬಟ್ಟಲಲ್ಲಿ ನೆನೆಸಿದ ಹುಣಸೆಹಣ್ಣು, ಚಿಟಿಕೆ ಉಪ್ಪು. ನಾನು ಅತ್ತೆ ಅತ್ತೆ ಅನ್ನುವಷ್ಟರಲ್ಲಿ ಸ್ಯಾಂಪಲ್ ಅಂತ ಮಾಡಿಟ್ಟಿದ್ದ ಕಿಟ್ ಟೈಲಿನ ಮೂಲೆಗೆ ಹಚ್ಚಿ ಹೆಬ್ಬೆರಳಲ್ಲಿ ಉಜ್ಜಿದರು. ಹಸಿರು ಕರಗಿ ಹುಣಸೆಹಣ್ಣಿಗೆ ಕೆಸರು ಬಣ್ಣ ಬಂತು, ಕೆಳಗಿಂದ ಕೆಂಪಗೆ ತಾಮ್ರ ಇಣುಕಿತು. ಆಮೇಲೆ ನನ್ನ ಪೇಂಟಿನ ಟೈಲಿಗೂ ಅದೇ ಸೇವೆ. ಎಷ್ಟು ಉಜ್ಜಿದರೂ ಏನೂ ಆಗಲಿಲ್ಲ.

"ಇದು ಕಿಲುಬು. ಇದು ಬರೀ ಬಣ್ಣ ಕಣಮ್ಮ," ಅಂದು ಬಟ್ಟಲು ಎತ್ತಿಕೊಂಡು ಹೊರಟರು. ಎರಡು ಹೆಜ್ಜೆ ಹೋಗಿ ತಿರುಗಿ, "ಬಣ್ಣದ್ದೇ ಚೆನ್ನಾಗಿದೆ. ಉಜ್ಜೋ ಕೆಲಸ ಇಲ್ಲ," ಅಂದರು.

ಅವರು ಹೇಳಿದ್ದು ತಮಾಷೆಗಲ್ಲ, ನನ್ನ ತೀರ್ಪೂ ಹತ್ತಿರ ಹತ್ತಿರ ಅದೇ. ಆರಡಿ ದೂರದಿಂದ ಯಾರಿಗೂ ವ್ಯತ್ಯಾಸ ತಿಳಿಯೋದಿಲ್ಲ. ಬಂದವರಲ್ಲಿ ಅರ್ಧ ಜನ ಪೇಂಟಿನ ಟೈಲನ್ನೇ ಅಸಲಿ ಅಂದರು. ಕೈಗೆ ಸಿಗುವ ಜಾಗ, ಕಣ್ಣಿನ ಮಟ್ಟದ ಗೋಡೆ, ಒಂದು ಫ್ರೇಮು, ಒಂದು ಹೂಕುಂಡ, ಇಂಥದ್ದಕ್ಕೆ ಕಿಟ್ ತಗೊಳ್ಳಿ, ಐದಕ್ಕೆ ನಾಲ್ಕೂವರೆ ಕೊಡ್ತೀನಿ. ಇಡೀ ಸೀಲಿಂಗಿಗೆ ಅಂದರೆ ಎರಡೂವರೆ. ನಾನು ಆರು ಅಸಲಿ ಟೈಲನ್ನು ಕಟ್ಟೆಯ ನೇರ ಮೇಲೆ, ದೀಪದ ಹತ್ತಿರ ಹಾಕಿದೆ, ಪಿಸ್ತಾ ಒಂದನ್ನು ಬಿಟ್ಟು. ಸುತ್ತ ಬಣ್ಣದ್ದು.

ಇನ್ನು ಚಿಲ್ಲರೆ ವಿಷಯ ಒಂದಿಷ್ಟು. ಅಸಲಿ ಕಿಲುಬನ್ನು ಮುಟ್ಟಿದರೆ ಹಸಿರು ಪುಡಿ ಉದುರುತ್ತದೆ. ಕೆಳಗೆ ತಿಂಡಿ ತಟ್ಟೆ ಇಡುವ ಜಾಗವಾದ್ದರಿಂದ ಕ್ಲಿಯರ್ ಕೋಟು (ಬಣ್ಣವಿಲ್ಲದ ವಾರ್ನಿಷ್ ಥರದ ಪದರ) ಹೊಡೆಯಲೇಬೇಕಿತ್ತು. ಕಿಲುಬು ಹೊಟ್ಟೆಗೆ ಹೋಗಬಾರದು ಅಂತಲೇ ಅಲ್ವಾ ಪಾತ್ರೆಗೆ ಕಲಾಯಿ ಹಾಕಿಸುತ್ತಿದ್ದದ್ದು. ಕ್ಲಿಯರ್ ಕೋಟು ಮ್ಯಾಟ್ ಇರಲಿ. ಹೊಳೆಯುವುದನ್ನು ಹೊಡೆದರೆ ಕಥೆ ಮುಗಿಯಿತು, ಪ್ಲಾಸ್ಟಿಕ್ ಆಗುತ್ತದೆ. ಮ್ಯಾಟ್ ಹೊಡೆದಾಗಲೂ ಆ ಸುಣ್ಣದಂಥ ಹಸಿರು ಸ್ವಲ್ಪ ಗಾಢವಾಯಿತು, ಒದ್ದೆ ಬಟ್ಟೆಯ ಹಾಗೆ. ಸ್ಯಾಂಪಲ್ ಮೇಲೆ ಹೊಡೆದು ನೋಡದೆ ಎಲ್ಲಕ್ಕೂ ಹೊಡೆಯಬೇಡಿ.

ಟೈಲು ಕೂರುವ ಲೋಹದ ಪಟ್ಟಿಗಳನ್ನು ಎಲ್ಲರೂ ಮರೀತಾರೆ, ನಾನೂ ಮರೆತಿದ್ದೆ. ಹಳೇ ತಾಮ್ರದ ನಡುವೆ ಬೆಳ್ಳಗೆ ಚೌಕ ಚೌಕ ಗೆರೆ, ಲುಂಗಿ ಡಿಸೈನ್. ಟೈಲು ಇಳಿಸಿ, ಪಟ್ಟಿಗೆ ಕಂದು ಬಳಿದು ಮೇಲೆ ತಾಮ್ರ ಸವರಿದೆ, ಹಸಿರು ಹಾಕಲಿಲ್ಲ. ದೀಪ ತೀರಾ ಹಳದಿ ಇದ್ದರೆ ತಾಮ್ರ ಹೊಳೆಯುತ್ತದೆ, ಹಸಿರು ಸತ್ತು ಬೂದಿಯಾಗುತ್ತದೆ. ಹಳದಿ ಬೆಳಕಿನ 2700 ಕೆಲ್ವಿನ್ ಬಲ್ಬ್ ತೆಗೆದು ಇನ್ನಷ್ಟು ಬಿಳಿ ಬೆಳಕಿನ 3500 ಹಾಕಿದ ಮೇಲೆ ಎರಡೂ ಕಂಡವು.

ನಿಮ್ಮ ಮನೆ ಹಳೇದಾಗಿದ್ದು ಅಲ್ಲೇ ನಿಜವಾದ ಹಳೇ ಟಿನ್ ಸೀಲಿಂಗ್ ಇದ್ದರೆ ಇದ್ಯಾವುದನ್ನೂ ಮಾಡೋಕೆ ಹೋಗಬೇಡಿ, ಮೊದಲು ಸೀಸದ ಟೆಸ್ಟ್ ಮಾಡಿಸಿ. ಅಮೆರಿಕದಲ್ಲಿ ಮನೆ ಪೇಂಟಿಗೆ ಸೀಸ ಹಾಕೋದು ನಿಷೇಧ ಆಗಿದ್ದು 1978ರಲ್ಲಿ, ಅದಕ್ಕೂ ಮುಂಚಿನ ಬಣ್ಣವನ್ನು ಮರಳು ಕಾಗದದಲ್ಲಿ ಉಜ್ಜಿದರೆ ಆ ಪುಡಿ ಮನೆಯವರ ಮೂಗಿಗೆ.

ಅತ್ತೆ ಅಕ್ಟೋಬರಿನಲ್ಲಿ ಊರಿಗೆ ಹೊರಟರು. ಹುಣಸೆಹಣ್ಣು ಹಚ್ಚಿದ ಸ್ಯಾಂಪಲ್ ಟೈಲು ಗ್ಯಾರೇಜಿನಲ್ಲೇ ಇದೆ, ಆ ಮೂಲೆಯಲ್ಲಿ ಹೆಬ್ಬೆರಳಿನಗಲ ತಾಮ್ರ ಈಗ ಮತ್ತೆ ಕಂದಾಗುತ್ತಿದೆ. ಮೊನ್ನೆ ವಿಡಿಯೋ ಕಾಲ್‌ನಲ್ಲಿ ಕೇಳಿದರು, ಕಿಲುಬು ಚೆನ್ನಾಗಿ ಬೆಳೀತಿದೆಯಾ ಅಂತ.

ಹಸಿರು ದ್ರಾವಣ ಅರ್ಧ ಬಾಟಲಿ, ತಾಮ್ರದ ಪೇಂಟು ಕಾಲು ಡಬ್ಬ ಉಳಿದಿದೆ. ಇಲ್ಲಿ ನ್ಯೂಜೆರ್ಸಿಯ ಎಡಿಸನ್ ಊರಿನ ಸುತ್ತಮುತ್ತ ಯಾರಿಗಾದರೂ ಬೇಕಿದ್ದರೆ ಮೆಸೇಜ್ ಮಾಡಿ, ಬಂದು ತಗೊಂಡು ಹೋಗಿ. ತೆಂಗಿನಕಾಯಿ ಜುಟ್ಟು ನೀವೇ ತನ್ನಿ.